ಓನರಮ್ಮನ ಪಾತ್ರ

ನನ್ನ ತಂಗಿ ಭಾನುವಾರವೊಂದು ಬಿಟ್ಟು ದಿನಾ ಸಂಜೆ ಅಳುತ್ತಾಳೆ, ಊರೆಲ್ಲ ಕೂತು ನೋಡುತ್ತದೆ. ಧಾರಾವಾಹಿಯಲ್ಲಿ ಅವಳು ಚಿಕ್ಕ ಸೊಸೆ. ಅತ್ತೆ ಬೈದರೆ ಅಳುತ್ತಾಳೆ, ಗಂಡ ಮಾತು ಬಿಟ್ಟರೆ ಅಳುತ್ತಾಳೆ, ಅದೇ ಗಂಡ ಮತ್ತೆ ಮಾತಾಡಿಸಿದರೆ ಖುಷಿಗೂ ಅಳುತ್ತಾಳೆ. ತರಕಾರಿ ಅಂಗಡಿಯವಳು ನನ್ನನ್ನು ಕಂಡರೆ ತಕ್ಕಡಿಯನ್ನು ಅಲ್ಲೇ ನಿಲ್ಲಿಸಿ, "ನಿನ್ನೆ ನಿಮ್ ತಂಗಿ ಹೇಗತ್ರು ಅಂತೀರಾ, ನಂಗೆ ಊಟಾನೇ ಸೇರ್ಲಿಲ್ಲ" ಎನ್ನುತ್ತಾಳೆ. ನಾನು ಹಲ್ಲು ಕಿರಿದು ಚೀಲ ಚಾಚುತ್ತೇನೆ. ಆ ಅಳುವಿನ ಒಂದೊಂದು ಮಾತೂ ಮೊದಲು ನನ್ನ ಬಾಯಿಂದ ಬಂದದ್ದು ಎಂದು ಹೇಳಿದರೆ ಅವಳು ಹೊಟ್ಟೆಕಿಚ್ಚು ಎನ್ನುತ್ತಾಳೆ. ಹೌದು, ಹೊಟ್ಟೆಕಿಚ್ಚೇ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ನನ್ನ ಕೆಲಸಕ್ಕೆ ಪ್ರಾಂಪ್ಟಿಂಗ್ ಎನ್ನುತ್ತಾರೆ. ದಿನಾ ಪ್ರಸಾರವಾಗುವ ಧಾರಾವಾಹಿಯಲ್ಲಿ ಮಾತನ್ನು ಬಾಯಿಪಾಠ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಸಂಭಾಷಣೆಯ ಹಾಳೆ ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ಚಿತ್ರೀಕರಣವಾಗಿ ಮುಗಿದಿರಬೇಕು. ಅದಕ್ಕೆ ನಾನು ಕ್ಯಾಮೆರಾದ ಪಕ್ಕ ನಿಂತು ಮಾತನ್ನು ತುಂಡು ತುಂಡಾಗಿ ಓದುತ್ತೇನೆ. "ಅತ್ತೆ, ನಾನು ತಪ್ಪು ಮಾಡಿಲ್ಲ." ನಿಲ್ಲಿಸುತ್ತೇನೆ. ನಟಿ ಅದನ್ನು ಹೇಳುತ್ತಾಳೆ. "ಈ ಮನೆ ಬಿಟ್ಟು ಹೋಗೋದೂ ಇಲ್ಲ." ನಿಲ್ಲಿಸುತ್ತೇನೆ. ಅವಳು ಹೇಳುತ್ತಾಳೆ. ಆಮೇಲೆ ಎಲ್ಲರೂ ಡಬ್ಬಿಂಗ್ ಕೋಣೆಗೆ ಹೋಗಿ ತಂತಮ್ಮ ದನಿ ಹೊಸದಾಗಿ ಸೇರಿಸುತ್ತಾರೆ, ನನ್ನ ದನಿಯನ್ನು ಪೂರಾ ತೆಗೆದುಹಾಕುತ್ತಾರೆ. ಬೇರೆಯವರ ಕೆಲಸ ಕಾಣಿಸಿದರೆ ಸಂಬಳ, ನನ್ನದು ಕಾಣಿಸದಿದ್ದರೆ ಸಂಬಳ.

ಪ್ರಾಂಪ್ಟ್ ಮಾಡುವವರು ಭಾವ ಬೆರೆಸಬಾರದು, ಸಪ್ಪೆಯಾಗಿ ಓದಬೇಕು. ಉಳಿದವರಿಗೆ ನಾನು ಹಾಗೆಯೇ ಓದುತ್ತೇನೆ. ತಂಗಿಯ ಸರದಿ ಬಂದಾಗ ಮಾತ್ರ ಎಲ್ಲಿ ಗಂಟಲು ಕಟ್ಟಬೇಕು, ಎಲ್ಲಿ ಉಸಿರು ನಡುಗಬೇಕು ಎಂಬುದನ್ನೆಲ್ಲ ಓದಿನಲ್ಲೇ ಹಾಕಿಬಿಡುತ್ತೇನೆ. ಅವಳು ಒಂದನ್ನೂ ಕೆಳಗೆ ಬೀಳಿಸದೆ ಎತ್ತಿಕೊಳ್ಳುತ್ತಾಳೆ. ಜನ ಬಂದು ಅವಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. "ಅಕ್ಕಾ, ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದು ನನಗೆ ಹೇಳುತ್ತಾರೆ. ಇಲ್ಲವೇ ಫೋನನ್ನು ನನ್ನ ಕೈಗೆ ಕೊಟ್ಟು ನೀವೇ ತೆಗೆಯಿರಿ ಎನ್ನುತ್ತಾರೆ.

ಇದು ಇವತ್ತು ನಿನ್ನೆ ಶುರುವಾದದ್ದಲ್ಲ. ಅಪ್ಪ ಗ್ಯಾಸ್ ಸಿಲಿಂಡರ್ ಹೊರುತ್ತಿದ್ದ. ಲಿಫ್ಟಿಲ್ಲದ ಕಟ್ಟಡಗಳ ಮೆಟ್ಟಿಲು ಹತ್ತಿಳಿದು ಅವನ ಒಂದು ಭುಜ ಇನ್ನೊಂದಕ್ಕಿಂತ ತಗ್ಗಾಗಿತ್ತು. ಅಮ್ಮ ಅಂಗಿ ಕಾರ್ಖಾನೆಯಿಂದ ಮೂಟೆ ತಂದು ಮನೆಯಲ್ಲೇ ಗುಂಡಿ ಹೊಲಿಯುತ್ತಿದ್ದಳು. ಇದ್ದದ್ದು ಒಂದೇ ಕೋಣೆ, ಮೂಟೆ ಬಂದ ದಿನ ಕಾಲು ಚಾಚಲು ಜಾಗವಿರುತ್ತಿರಲಿಲ್ಲ. ಶಾಲೆಯಿಂದ ಬಂದು ನಾವಿಬ್ಬರೂ ಸೂಜಿ ಹಿಡಿಯಬೇಕು. ಬೇಸರ ಕಳೆಯಲೆಂದು ನಾನು ಕತೆ ಕಟ್ಟುತ್ತಿದ್ದೆ. ರಾಣಿಯೂ ನಾನೇ, ಕಳ್ಳನೂ ನಾನೇ, ಕಳ್ಳನ ಬಾಯಿಬಡುಕ ಹೆಂಡತಿಯೂ ನಾನೇ. ತಂಗಿ ನಾನಂದದ್ದನ್ನು ಅಂದಹಾಗೇ ತಿರುಗಿ ಅನ್ನುತ್ತಿದ್ದಳು. ಅಮ್ಮ ನಾನು ಹೇಳಿದಾಗ ನಗುತ್ತಿರಲಿಲ್ಲ, ಅವಳು ಹೇಳಿದಾಗ ಸೂಜಿ ಕೆಳಗಿಟ್ಟು ನಗುತ್ತಿದ್ದಳು. ಅಪ್ಪ ಅವಳಿಗೆ ಗಿಣಿ ಎಂದು ಹೆಸರಿಟ್ಟ. ಕತೆ ಕಟ್ಟಿದವಳಿಗೆ ಯಾರೂ ಏನೂ ಹೆಸರಿಡಲಿಲ್ಲ, ನಾನು ಬರೀ ಅಕ್ಕನಾಗಿ ಉಳಿದೆ.

ಶಾಲೆಯ ನಾಟಕಕ್ಕೆ ಆರಿಸುವಾಗ ಟೀಚರು ನಮ್ಮಿಬ್ಬರನ್ನೂ ನಿಲ್ಲಿಸಿ ನೋಡಿದರು. "ನಿನ್ ದನಿ ತುಂಬಾ ಚೆನ್ನಾಗಿದೆ" ಎಂದು ನನ್ನನ್ನು ಪರದೆಯ ಹಿಂದೆ ನಿಲ್ಲಿಸಿದರು. ಗಿಣಿಯನ್ನು ಪರದೆಯ ಮುಂದೆ ನಿಲ್ಲಿಸಿದರು. ದನಿ ಚೆನ್ನಾಗಿದೆ ಎಂದರೆ ಏನರ್ಥ ಎಂದು ನನಗೆ ಆ ವಯಸ್ಸಿಗೇ ತಿಳಿಯಿತು.

ದೊಡ್ಡವರಾದ ಮೇಲೆ ನಾನು ಅಂಗಿ ಕಾರ್ಖಾನೆ ಸೇರಿದೆ, ಅವಳು ಚಪ್ಪಲಿ ಅಂಗಡಿಗೆ ಹೋದಳು. ಹೊಸ ಧಾರಾವಾಹಿಗೆ ಹುಡುಗಿಯರು ಬೇಕಂತೆ ಎಂದು ಕೇಳಿ ರಜೆ ಹಾಕಿ ಹೋದವಳು ನಾನು. ಒಬ್ಬಳೇ ಹೋಗಬೇಡ ಎಂದು ಅಮ್ಮ ಗಿಣಿಯನ್ನು ಜೊತೆಗೆ ಕಳಿಸಿದಳು. ಅಲ್ಲಿ ಕೊಟ್ಟ ಸಂಭಾಷಣೆ ಹೇಳಿ ನಾನು ಅತ್ತು ತೋರಿಸಿದೆ. ಕಣ್ಣಿಗೆ ಏನೂ ಹಚ್ಚಿಕೊಂಡಿರಲಿಲ್ಲ, ನಿಜವಾದ ನೀರು ಸುರಿಯಿತು. ಆದರೆ ಕ್ಯಾಮೆರಾದವನ ಕಣ್ಣು ನನ್ನ ಮೇಲಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ ಗಿಣಿಯನ್ನು ನೋಡಿ ಅವನು, "ಆ ಮುಖಕ್ಕೆ ಬೆಳಕು ಹಿಡಿಯುತ್ತೆ ಸಾರ್" ಎಂದ. ನನ್ನ ಮುಖಕ್ಕೆ ಬೆಳಕು ಏನು ಮಾಡುತ್ತದೆ ಎಂದು ಯಾರೂ ಹೇಳಲಿಲ್ಲ. ನಾನು ಮೂಗು ಒರೆಸಿಕೊಂಡು ಅವಳ ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡೆ, ಅವಳು ಒಳಗೆ ಹೋದಳು.

ಅವಳು ಕಷ್ಟಪಡಲಿಲ್ಲ ಎಂದರೆ ಸುಳ್ಳಾದೀತು. ಒಂದು ವರ್ಷವಿಡೀ ನರ್ಸ್ ಆಗಿ "ಡಾಕ್ಟರ್ ಕರೀತಿದ್ದಾರೆ" ಎಂದಳು. ಮನೆಕೆಲಸದವಳಾಗಿ ಟೀ ತಂದಿಟ್ಟು ಹೋದಳು. ಒಂದು ಧಾರಾವಾಹಿಯಲ್ಲಿ ವಾರಗಟ್ಟಲೆ ಹೆಣವಾಗಿ ಮಲಗಿದಳು, ನಡುವೆ ಕೆಮ್ಮಿ ಬೈಸಿಕೊಂಡಳು. ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ದಿನವಿಡೀ ಕಾದು, ಮುಖ ತೋರಿಸದೆ ವಾಪಸು ಬಂದ ದಿನಗಳೂ ಇದ್ದವು. ಆ ದಿನಗಳಲ್ಲಿ ನಾನು ಅವಳಿಗೆ ಬಿಸಿನೀರು ಕಾಯಿಸಿ ಕೊಡುತ್ತಿದ್ದೆ, ಮನಸ್ಸಿಗೆ ಹಾಯೆನಿಸುತ್ತಿತ್ತು. ಕೊನೆಗೆ ಚಿಕ್ಕ ಸೊಸೆಯ ಪಾತ್ರ ಬಂತು. ಜೊತೆಗೆ ಉದ್ದುದ್ದ ಮಾತುಗಳೂ ಬಂದವು. ಗಿಣಿಗೆ ಅಕ್ಷರ ಎಂದೂ ಒಗ್ಗಿದ್ದಿಲ್ಲ, ಹಾಳೆ ಹಿಡಿದರೆ ಸಾಲುಗಳು ಕಲಸಿಹೋಗುತ್ತವೆ ಎನ್ನುತ್ತಾಳೆ. ಕಿವಿಗೆ ಬಿದ್ದದ್ದು ಮಾತ್ರ ಅವಳದು. "ಅಕ್ಕ ಇಲ್ದಿದ್ರೆ ನಂಗಾಗಲ್ಲ" ಎಂದು ಹಟ ಹಿಡಿದು ನನ್ನನ್ನು ಕಾರ್ಖಾನೆ ಬಿಡಿಸಿ ಸೆಟ್ಟಿಗೆ ಕರೆತಂದಳು. ಎಲ್ಲರೂ "ತಂಗಿ ಅಂದ್ರೆ ಹೀಗಿರ್ಬೇಕು" ಎಂದರು. ನಾನೂ ಹೂಂ ಎಂದೆ.

ಹೀಗಿರುವಾಗ ಒಂದು ದಿನ ಮನೆ ಓನರಮ್ಮನ ಪಾತ್ರದವಳು ಕೈಕೊಟ್ಟಳು. ಕತೆಯಲ್ಲಿ ಚಿಕ್ಕ ಸೊಸೆ ಗಂಡನ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿದಿದ್ದಾಳೆ. ಓನರಮ್ಮ ಬಂದು ಕೋಣೆ ಖಾಲಿ ಮಾಡು ಎನ್ನಬೇಕು. ಅದೊಂದೇ ದೃಶ್ಯ. ಪ್ಲೈವುಡ್ಡಿನ ಮೂರು ಗೋಡೆ ಎದ್ದು ನಿಂತಿವೆ, ದೀಪ ಉರಿಯುತ್ತಿದೆ, ಪಾತ್ರಧಾರಿಯ ಫೋನು ಮಾತ್ರ ಬಂದ್. ಸದಾ ಹೊಟ್ಟೆನೋವು ಬಂದವರ ಮುಖ ಮಾಡಿಕೊಂಡಿರುವ ನಮ್ಮ ಡೈರೆಕ್ಟರು ಸುತ್ತ ನೋಡಿದರು. ಕಣ್ಣು ನನ್ನ ಮೇಲೆ ನಿಂತಿತು.

"ಅಕ್ಕಾ, ನೀವೇ ಆ ಬಟ್ಟೆ ಹಾಕ್ಕೊಂಡ್ ಬಂದ್ಬಿಡಿ. ಡೈಲಾಗ್ ಹೇಗೂ ನಿಮ್ಗೆ ಗೊತ್ತಲ್ಲ."

ಅವರು ಮಾತು ಮುಗಿಸುವ ಮೊದಲೇ ನಾನು ಬಟ್ಟೆ ಎತ್ತಿಕೊಂಡಿದ್ದೆ. ಮೇಕಪ್ ಮಾಮ ನನ್ನನ್ನು ಕನ್ನಡಿಯ ಮುಂದೆ ಕೂರಿಸಿ ಪೌಡರ್ ಬಡಿದ. ಸೆಟ್ಟಿನಲ್ಲಿ ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡುವವನು ಅವನೊಬ್ಬನೇ.

"ಮಾಮ, ನಿಜ ಹೇಳು. ಈ ಮುಖಕ್ಕೆ ಬೆಳಕು ಹಿಡಿಯುತ್ತಾ?"

"ಬೆಳಕು ಎಲ್ರ ಮೇಲೂ ಬೀಳುತ್ತೆ ತಾಯಿ. ಸುಮ್ನೆ ಕೂತ್ಕೊ, ಬೆವರ್ಬೇಡ."

ಪ್ಲೈವುಡ್ಡಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಗಿಣಿ ಮಂಚದ ಮೇಲೆ ಕೂತಿದ್ದಳು. ನಾನು ಸೊಂಟದ ಮೇಲೆ ಕೈಯಿಟ್ಟು ಹೇಳಿದೆ, "ನೋಡಮ್ಮ, ಇದು ಮರ್ಯಾದಸ್ಥರ ಮನೆ."

ಹೇಳಿ ನಿಂತುಬಿಟ್ಟೆ.

ಮುಂದಿನ ಮಾತು ಮರೆತಿರಲಿಲ್ಲ, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಷ್ಟು ವರ್ಷ ಒಂದು ತುಂಡು ಹೇಳುವುದು, ಅದು ಇನ್ನೊಬ್ಬರ ಬಾಯಿಂದ ತಿರುಗಿ ಬರುವವರೆಗೆ ಕಾಯುವುದು, ಆಮೇಲೆ ಮುಂದಿನ ತುಂಡು ಹೇಳುವುದು, ಇಷ್ಟೇ ಮಾಡಿದ ನಾಲಿಗೆ ಅದು. ತಿರುಗಿ ಬರದೆ ಮುಂದಕ್ಕೆ ಹೊರಳಲೇ ಇಲ್ಲ. ನಾನು ಗಿಣಿಯ ಬಾಯನ್ನೇ ನೋಡುತ್ತ ನಿಂತೆ. ಡೈರೆಕ್ಟರು ಕಟ್ ಎಂದರು. ಮತ್ತೆ ಬಾಗಿಲು, ಮತ್ತೆ ಸೊಂಟದ ಮೇಲೆ ಕೈ, ಮತ್ತೆ ಅದೇ ಮಾತು, ಅಲ್ಲೇ ನಿಂತೆ. ಮೂರನೆಯ ಸಲವೂ ಅದೇ ಹಾಡು.

"ಅಕ್ಕಾ, ಯಾರಿಗ್ ಕಾಯ್ತಿದೀರಾ? ಬಸ್ಸಿಗಾ?" ಎಂದರು ಡೈರೆಕ್ಟರು. ಲೈಟಿನವರು ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವರೆಲ್ಲ ನಕ್ಕದ್ದಕ್ಕಿಂತ ಗಿಣಿ ನಗದೆ ಕೂತದ್ದು ಹೆಚ್ಚು ಉರಿಯಿತು.

ನಾಲ್ಕನೆಯ ಸಲ. "ಇದು ಮರ್ಯಾದಸ್ಥರ ಮನೆ." ನಿಂತೆ. ಇನ್ನೇನು ಕಟ್ ಎನ್ನಬೇಕು, ಅಷ್ಟರಲ್ಲಿ ಗಿಣಿ ಬಾಯಿಬಿಟ್ಟಳು.

"ಮರ್ಯಾದಸ್ಥರ ಮನೆ?" ಎಂದಳು ಮೆಲ್ಲಗೆ, ಕೆನ್ನೆಗೆ ಏಟು ಬಿದ್ದವಳ ಹಾಗೆ. ಅವಳ ಮಾತು ಹಾಳೆಯಲ್ಲಿರಲಿಲ್ಲ.

ನನ್ನ ನಾಲಿಗೆ ಸಡಿಲವಾಯಿತು. "ಗಂಡನ್ ಬಿಟ್ ಬಂದೋರಿಗೆ ಇಲ್ಲಿ ಜಾಗ ಇಲ್ಲ."

"ಜಾಗ ಇಲ್ಲ..."

"ನಾಳೆ ಬೆಳಿಗ್ಗೆ ಖಾಲಿ ಮಾಡು."

"ನಾಳೆ," ಎಂದಳು. ಮುಂದಿನದನ್ನು ಹೇಳಲಾಗದೆ ಕಣ್ಣು ತುಂಬಿಕೊಂಡಳು.

ಸೆಟ್ಟಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಡೈರೆಕ್ಟರ ಮುಖದಿಂದ ಹೊಟ್ಟೆನೋವು ಅಷ್ಟು ಹೊತ್ತು ಮಾಯವಾಗಿತ್ತು. "ಏನ್ ಐಡಿಯಾ ಮೇಡಂ, ಏನ್ ಐಡಿಯಾ!" ಎನ್ನುತ್ತ ನನ್ನನ್ನು ದಾಟಿಕೊಂಡು ಅವಳ ಕಡೆ ಹೋದರು. ಬಿದ್ದವಳು ನಾನು, ಎತ್ತಿದವಳು ಅವಳು. ಎತ್ತಿದ ಕೈಯನ್ನು ಎಲ್ಲರೂ ಹೊಗಳಿದರು. ಆ ಕೈಯನ್ನು ಕಚ್ಚಬೇಕು ಎನ್ನಿಸಿತು ನನಗೆ. ಅಪರೂಪಕ್ಕೆ ಸಿಕ್ಕಿದ ಒಂದು ಅವಕಾಶ, ಅದನ್ನೂ ತಟ್ಟೆಯಿಂದ ಎತ್ತಿಕೊಂಡು ಹೋದಳು, ಅದೂ ಉಪಕಾರದ ಹೆಸರಿನಲ್ಲಿ.

ಆ ಕಂತು ಪ್ರಸಾರವಾದ ಸಂಜೆ ನಾವು ಮೂವರೂ ಟಿವಿಯ ಮುಂದೆ ಕೂತೆವು. ಅಪ್ಪ ಹೋಗಿ ವರ್ಷಗಳಾಗಿವೆ. ಮನೆ ಗಿಣಿ ಕೊಂಡದ್ದು, ಟಿವಿ ಗಿಣಿ ತಂದದ್ದು, ಅಮ್ಮನ ಮೊಣಕಾಲಿಗೆ ಹಚ್ಚುವ ಎಣ್ಣೆಯೂ ಗಿಣಿಯದೇ. ನನ್ನ ದೃಶ್ಯದಲ್ಲಿ ನನ್ನ ಬೆನ್ನಷ್ಟೇ ಕಾಣುತ್ತದೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಸುಮಾರಾಗಿ ಹಾಗೇ ಇತ್ತು. ಅವಳ ಕಣ್ಣು, ಅವಳ ತುಟಿ, ಅವಳ ಕಣ್ಣೀರು. ಆದರೆ ನಡುನಡುವೆ, ನಾನು ಮಾತು ಹೇಳಿ ಕಾಯುತ್ತ ನಿಂತ ಕಡೆಗಳಲ್ಲಿ, ಪರದೆಯ ತುಂಬ ನನ್ನ ಮುಖ ಹಾಕಿದ್ದರು. ಅಲ್ಲಿ ಅದು ಕಾಯುವವಳ ಮುಖದಂತೆ ಕಾಣಲಿಲ್ಲ. ಮಾತಿನ ಏಟು ಕೊಟ್ಟು, ಅದು ಎಲ್ಲಿ ಬಿತ್ತು ಎಂದು ನಿಂತು ನೋಡುವ ಹೆಂಗಸಿನ ಮುಖ ಅದು. ಅವಳು ಕಣ್ಣು ಮಿಟುಕಿಸಲಿಲ್ಲ.

"ಅಯ್ಯೋ, ಏನೇ ಇದು! ನಿನ್ ನೋಡಿ ನಂಗೇ ಭಯ ಆಯ್ತಲ್ಲೇ" ಎಂದಳು ಅಮ್ಮ.

ಗಿಣಿ ತಲೆನೋವು ಎಂದು ಎದ್ದು ಕೋಣೆಗೆ ಹೋದಳು. ಮರುದಿನ ತರಕಾರಿ ಅಂಗಡಿಯವಳು ನನ್ನ ಮುಖ ನೋಡಿ ಮುಖ ಸಿಂಡರಿಸಿದಳು. "ಒಡಹುಟ್ಟಿದೋಳನ್ನ ಹಾಗಾ ಆಚೆ ಹಾಕೋದು?" ಎಂದು ಮೆತ್ತಗಾದ ಟೊಮೆಟೊಗಳನ್ನೇ ಆರಿಸಿ ಚೀಲಕ್ಕೆ ಹಾಕಿದಳು. ನಾನು ಅವನ್ನೇ ಮನೆಗೆ ತಂದೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಕೆಟ್ಟ ಟೊಮೆಟೊ ಹೆಚ್ಚಿದ್ದಿಲ್ಲ.

ಎರಡು ದಿನ ಬಿಟ್ಟು ಮೇಕಪ್ ಮಾಮ ನನ್ನನ್ನು ಬಟ್ಟೆ ನೇತುಹಾಕುವ ಕಂಬಿಯ ಹಿಂದಕ್ಕೆ ಕರೆದ.

"ಚಾನೆಲ್ನೋರು ಓನರಮ್ಮನ ಪಾತ್ರ ಬೆಳೆಸಿ ಅಂದಿದ್ದಾರೆ. ನೀನೇ ಬೇಕಂತೆ. ಡೈರೆಕ್ಟರು ಹೂಂ ಅಂದ್ಬಿಟ್ಟಿದ್ರು."

"ಅಂದಿದ್ರು ಅಂದ್ರೆ?"

ಅವನು ಬ್ರಷ್ ಒರೆಸುತ್ತ ಆಚೆ ನೋಡಿದ. "ನಿನ್ ತಂಗಿ ಬೇಡ ಅಂದ್ಳು. ನಾನು ಹೇಳ್ದೆ ಅನ್ಬೇಡ."

ಹೇಳಿದ್ದು ಯಾರು ಎನ್ನುವಷ್ಟು ವ್ಯವಧಾನ ನನಗೆಲ್ಲಿತ್ತು? ಹಾಳೆಗಳನ್ನು ಅಲ್ಲೇ ಎಸೆದು, ಸೆಟ್ಟಿನಲ್ಲಿ ಅವಳಿಗೆಂದು ಕೊಟ್ಟಿದ್ದ ಕೋಣೆಗೆ ನುಗ್ಗಿದೆ. ಗಿಣಿ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ದಿನಾ ಅಳುವವಳಿಗೆ ಕಣ್ಣು ಊದಿಕೊಂಡರೆ ಮರುದಿನದ ಅಳು ಚೆನ್ನಾಗಿ ಕಾಣುವುದಿಲ್ಲವಂತೆ.

"ಬೇಡ ಅಂದ್ಯಂತೆ?"

ಅವಳು ಬಟ್ಟೆ ತೆಗೆಯಲಿಲ್ಲ. "ನೀನ್ ಅಲ್ಲಿ ನಿಂತ್ರೆ ನಂಗ್ಯಾರು ಡೈಲಾಗ್ ಹೇಳ್ಕೊಡ್ತಾರೆ?"

"ಅಸಿಸ್ಟೆಂಟ್ ಇದ್ದಾರಲ್ಲ."

"ಅವ್ರ ದನಿ ನನ್ ಕಿವಿಗೆ ಹತ್ತಲ್ಲ ಅಕ್ಕ."

"ಹತ್ತಲ್ವಾ? ಹತ್ತಿಸ್ಕೋ! ಎಷ್ಟು ವರ್ಷದಿಂದ ನನ್ ಬಾಯಿ ಬಾಡಿಗೆಗೆ ಇಟ್ಕೊಂಡಿದೀಯ? ನಾಟಕ ನಾನ್ ಹೇಳ್ದೆ, ಚಪ್ಪಾಳೆ ನಿಂಗೆ. ಅತ್ತಿದ್ದು ನಾನು, ಕೆಲಸ ನಿಂಗೆ. ಅವತ್ತು ನೀನು ಬ್ರೆಡ್ ತಿಂತಾ ಕೂತಿದ್ದೆ ಕಣೇ! ಬ್ರೆಡ್ ತಿಂದಿದ್ದು ಬಿಟ್ಟು ಇನ್ನೇನ್ ಮಾಡಿದ್ದೆ?"

ನನ್ನ ದನಿ ಎಲ್ಲಿಯವರೆಗೆ ಹೋಯಿತೋ, ಹೊರಗೆ ಸೆಟ್ಟು ಕಟ್ಟುವವರ ಸುತ್ತಿಗೆಯ ಸದ್ದು ನಿಂತಿತು. ಗಿಣಿ ಎದ್ದು ಕೂತಳು. ಒದ್ದೆ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ನಂಗೆ ಹೊಟ್ಟೆ ಉರೀತು" ಎಂದಳು.

ನಾನು ಬಾಗಿಲು ಮುಚ್ಚಿ ಬಂದೆ.

"ಮಾತೆಲ್ಲ ನಿಂದೇ ಅಂತ ನಂಗೊತ್ತು. ಯಾರಾದ್ರೂ ಹೊಗಳ್ದಾಗ ಮೊದ್ಲು ಅದೇ ನೆನಪಾಗುತ್ತೆ. ಹೋಗ್ಲಿ, ಕ್ಯಾಮೆರಾ ಮುಂದೆ ನಿಲ್ಲೋದಾದ್ರೂ ನಂದು ಅಂದ್ಕೊಂಡಿದ್ದೆ. ನೀನ್ ಬಂದು ಸುಮ್ನೆ ನಿಂತೆ ಅಕ್ಕ. ಏನೂ ಮಾಡ್ಲಿಲ್ಲ, ಬರೀ ನಿಂತೆ. ಮನೇಲಿ ಟಿವೀಲಿ ನೋಡ್ದೆ. ನಾನು ಅಷ್ಟೊಂದ್ ಅಳ್ತಿದೀನಿ, ಅಮ್ಮ ನನ್ ನೋಡ್ತಾನೇ ಇಲ್ಲ. ನಿನ್ ನೋಡ್ತಿದಾಳೆ. ಅದೂ ನಿಂಗೇ ಬಂದ್ರೆ ನಂದು ಅಂತ ಇನ್ನೇನ್ ಉಳೀತು?"

ಒಳ್ಳೆಯ ಅಕ್ಕಂದಿರು ಇಂಥ ಹೊತ್ತಿನಲ್ಲಿ ತಂಗಿಯನ್ನು ತಬ್ಬಿಕೊಂಡು ತಲೆ ಸವರುತ್ತಾರೆ. ನಾನು ತಬ್ಬಿಕೊಳ್ಳಲಿಲ್ಲ. ನನಗೆ ಸಂತೋಷವಾಯಿತು. ಹಸಿದವಳ ಮುಂದೆ ಊಟ ಬಡಿಸಿದಷ್ಟು ಸಂತೋಷ. ಇಷ್ಟು ವರ್ಷ ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ತಿರುಗಿದವಳು ನಾನು. ನನ್ನನ್ನು ನೋಡಿ ಇನ್ನೊಬ್ಬರ ಹೊಟ್ಟೆ ಉರಿಯಬಹುದು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅದೂ ಇವಳ ಹೊಟ್ಟೆ.

"ಪಾತ್ರ ನಾನ್ ಮಾಡ್ತೀನಿ" ಎಂದೆ.

ಅವಳು ನನ್ನನ್ನು ನೋಡಿದಳು. ಆ ಮುಖದಲ್ಲಿ ಅಳು ಇರಲಿಲ್ಲ. "ಮಾಡು. ನಾನೇ ಹೋಗಿ ಹೇಳ್ತೀನಿ. ಆದ್ರೆ ಇನ್ನೊಂದ್ಸಲ ನೀನ್ ತಡವರಿಸಿದ್ರೆ ನಾನು ಬಾಯಿ ಬಿಡಲ್ಲ, ನೆನಪಿಟ್ಕೊ."

"ಬಿಡ್ಬೇಡ. ಯಾರ್ ಕೇಳಿದ್ರು?"

ಮುಂದಿನ ವಾರ ನಾನು ಬೆಳಿಗ್ಗೆಯೇ ಮೇಕಪ್ ಕುರ್ಚಿಯಲ್ಲಿ ಕೂತೆ. ಹಾಳೆಗಳನ್ನು ಅಸಿಸ್ಟೆಂಟ್ ಡೈರೆಕ್ಟರ ಕೈಗೆ ಕೊಟ್ಟಾಗಿತ್ತು. ಅವರು ದಪ್ಪ ಕನ್ನಡಕದ, ಮೂಗಿನಲ್ಲಿ ಮಾತಾಡುವ ಮನುಷ್ಯ. ಮೊದಲ ದೃಶ್ಯ ಗಿಣಿಯೊಬ್ಬಳದೇ. ಕೋಣೆಯಲ್ಲಿ ಕೂತು ಗಂಡನಿಗೆ ಫೋನಿನಲ್ಲಿ ಉದ್ದಕ್ಕೆ ಮಾತಾಡಬೇಕು. ನಡುವೆ ಇದ್ದದ್ದು ತೆಳ್ಳನೆಯ ಹಲಗೆ, ಎಲ್ಲವೂ ಕೇಳಿಸುತ್ತಿತ್ತು. ಅವರು ಮೂಗಿನಲ್ಲಿ ಓದಿದರು, ಅವಳು ತಪ್ಪಿದಳು. ಮತ್ತೆ ಓದಿದರು, ಮತ್ತೆ ತಪ್ಪಿದಳು. ಡೈರೆಕ್ಟರು ನಿಟ್ಟುಸಿರುಬಿಟ್ಟರು. ತಪ್ಪಲಿ, ಇನ್ನೂ ತಪ್ಪಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಓಡಿ ಬಂದು ಅಕ್ಕಾ ಎನ್ನಲಿ, ಆಮೇಲೆ ಹೋಗುವುದೋ ಬಿಡುವುದೋ ನೋಡೋಣ ಎಂದು ಕಾದೆ.

"ನೀವ್ ಸುಮ್ನಿರಿ ಸಾರ್. ಒಂದೇ ಸಲ ಪೂರ್ತಿ ಓದ್ಬಿಡಿ, ಆಮೇಲೆ ಯಾರೂ ಮಾತಾಡ್ಬೇಡಿ" ಎಂಬ ಅವಳ ದನಿ ಕೇಳಿಸಿತು.

ಅವರು ಓದಿದರು. ಆಮೇಲೆ ಅವಳು ಹೇಳಿದಳು. ಹಾಳೆಯಲ್ಲಿದ್ದ ಹಾಗೆ ಇರಲಿಲ್ಲ, ಅಲ್ಲಲ್ಲಿ ಮಾತು ಬಿಟ್ಟಳು, ಅಲ್ಲಲ್ಲಿ ತನ್ನದೇ ಸೇರಿಸಿದಳು. ಎಲ್ಲಿ ನಾನು ಗಂಟಲು ಕಟ್ಟಿಸುತ್ತಿದ್ದೆನೋ ಅಲ್ಲಿ ಅವಳು ಸಣ್ಣಗೆ ನಕ್ಕಳು. ಆ ನಗು ಕೇಳಿ ಮೇಕಪ್ ಮಾಮನ ಕೈ ನನ್ನ ಕೆನ್ನೆಯ ಮೇಲೆ ಹಾಗೇ ನಿಂತಿತು. ನನಗೆ ಅದು ಹೊಳೆದಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ. ಅವಳಿಗೆ ನಾನು ಬೇಕಾಗಿಯೇ ಇರಲಿಲ್ಲ ಎಂಬುದು ಅಷ್ಟು ಹೊತ್ತಿಗೆ ಹಲಗೆಯ ಆಚೆ ಈಚೆ ಎಲ್ಲರಿಗೂ ತಿಳಿಯಿತು. ಆರಿತು ಎಂದುಕೊಂಡಿದ್ದ ಕೆಂಡ ಮತ್ತೆ ಹೊತ್ತಿಕೊಂಡಿತು.

"ಓನರಮ್ಮ ರೆಡೀನಾ?" ಎಂದು ಹೊರಗಿಂದ ಕೂಗಿದರು.

ಎದ್ದು ಹೋದೆ. ಬಾಗಿಲು ತಳ್ಳಿದೆ. ಗಿಣಿ ಮಂಚದ ಮೇಲೆ ಕೂತಿದ್ದಳು. ಸಾಮಾನು ಆಚೆ ಎಸೆಯುತ್ತೇನೆ ಎಂದು ನಾನು ಹೇಳಬೇಕು, ಅವಳು ತಲೆಯೆತ್ತಿ ಬೇಡುವಂತೆ ನೋಡಬೇಕು, ಹಾಳೆಯಲ್ಲಿ ಇದ್ದದ್ದು ಇಷ್ಟೇ. ನಾನು ನನ್ನ ಮಾತನ್ನು ಒಂದೇ ಉಸಿರಿಗೆ, ಎಲ್ಲೂ ತುಂಡು ಮಾಡದೆ, ಯಾರಿಗೂ ಕಾಯದೆ ಹೇಳಿ ಮುಗಿಸಿದೆ. ಅವಳು ತಲೆಯೆತ್ತಿದಳು. ಆ ನೋಟದಲ್ಲಿ ಬೇಡುವಂಥದ್ದು ಒಂದಿಷ್ಟೂ ಇರಲಿಲ್ಲ. ನನ್ನ ಮೈಮೇಲಿನ ಬಟ್ಟೆ, ಮುಖದ ಮೇಲಿನ ಬೆಳಕು, ನಾನು ನಿಂತ ಜಾಗ ಎಲ್ಲವನ್ನೂ ಕಿತ್ತುಕೊಳ್ಳುವ ಹಾಗೆ ನೋಡಿದಳು. ಅಂಥ ನೋಟ ನನಗೆ ಚೆನ್ನಾಗಿ ಗೊತ್ತು, ಇಷ್ಟು ವರ್ಷ ಕ್ಯಾಮೆರಾದ ಪಕ್ಕ ನಿಂತು ನಾನು ಅವಳನ್ನು ನೋಡಿದ್ದು ಹಾಗೆಯೇ. ಅದೊಂದನ್ನು ಮಾತ್ರ ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.